ರಮಾಬಾಯಿಯ ಗೊಂಬೆಗೆ ಕಣ್ಣು ಬಂದದ್ದು

ಸರಸಂಬಾ ದಾಟಿ ಮುಂದೆ ಹೋದರೆ ತೊಗರಿ ಹೊಲಗಳ ನಡುವೆ ಸಿಗುವ ಸಣ್ಣ ಊರೊಂದರಲ್ಲಿ ರಮಾಬಾಯಿ ಆಶಾ ಕಾರ್ಯಕರ್ತೆ. ಬಾಯಿ ಜೋರು, ಕಾಲು ಅದಕ್ಕಿಂತ ಜೋರು. ಗುಲಾಬಿ ಸೀರೆಯುಟ್ಟು ಅವಳು ಓಣಿಗೆ ಕಾಲಿಟ್ಟಳೆಂದರೆ ಕಟ್ಟೆಯ ಮೇಲಿನ ಗಂಡಸರು ಬೀಡಿಯನ್ನು ಬೆನ್ನ ಹಿಂದೆ ಮರೆಮಾಡುವರು. ಬಾಣಂತಿ ಇದ್ದ ಮನೆಯ ಮುದುಕಿಯರು ಲೋಬಾನದ ಹೊಗೆ ಹಾಕಿದ ಗಡಿಗೆಯನ್ನು ಮಂಚದ ಕೆಳಗೆ ನೂಕುವರು. ಅವಳು ತಿರುವು ದಾಟಿದ ಮೇಲೆ ಬೀಡಿ ಮತ್ತೆ ಬಾಯಿಗೆ, ಹೊಗೆ ಮತ್ತೆ ಕೂಸಿನ ಮೂಗಿಗೆ. ಇದು ರಮಾಬಾಯಿಗೂ ಗೊತ್ತಿತ್ತು. ಗೊತ್ತಿದ್ದೂ ಹಾಡಿದ್ದೇ ಹಾಡೋ ಕಿಸಬಾಯಿದಾಸನಂತೆ ಮನೆಮನೆಗೆ ಹೋಗಿ ಅದನ್ನೇ ಹೇಳುತ್ತಿದ್ದಳು. ಒಲೆ ಹಚ್ಚಿದಾಗ ಕೂಸನ್ನು ಹೊರಗೆ ಮಲಗಿಸಿ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ. ಕೈ ತೊಳೆಯದೆ ಎತ್ತಿಕೊಳ್ಳಬೇಡಿ, ಸೂಜಿ ತಪ್ಪಿಸಬೇಡಿ, ಮೂಗಿಗೆ ಎಣ್ಣೆ ಬಿಡಬೇಡಿ. ಕೆಮ್ಮು ಬಂತೆಂದು ಬಳೆ ಕಾಯಿಸಿ ಹೊಟ್ಟೆಗೆ ಬರೆ ಹಾಕಬೇಡಿ.

ಅವಳು ಬೌದ್ಧರ ಮನೆಯ ಹೆಣ್ಣು. ಗಂಡ ಧಮ್ಮಪಾಲ ಆಳಂದಕ್ಕೆ ಟಂಟಂ ಆಟೊ ಓಡಿಸುತ್ತಾನೆ. ಮನೆಯಲ್ಲಿ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ ಇವೆ, ದೇವರ ಜಗಲಿ ಇಲ್ಲ. ಯಾರದಾದರೂ ಮೈಮೇಲೆ ದೇವರು ಬಂತೆಂದರೆ ಮುಂದೆ ಹೋಗಿ ನಿಂತು ಮುಸಿಮುಸಿ ನಗುವ ಹೆಂಗಸು. ಆದರೆ ಅವಳಿಗೂ ಒಂದು ಹೆದರಿಕೆ ಇತ್ತು. ಮಲಗಿದ ಕೂಸನ್ನು ಅವಳು ಸುಮ್ಮನೆ ನೋಡುತ್ತ ನಿಲ್ಲಲಾರಳು. ಯಾರ ಮನೆಗೆ ಹೋದರೂ ಮೊದಲು ತೊಟ್ಟಿಲ ಬಳಿ ಬಾಗಿ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವಳಿಗೊಬ್ಬ ಮಗ ಹುಟ್ಟಿದ್ದ. ಆ ಚಳಿಗಾಲ ಕೆಮ್ಮಿ ಕೆಮ್ಮಿ ಹೈರಾಣಾದ ಕೂಸು ಒಂದು ಮಧ್ಯಾಹ್ನ ಕೆಮ್ಮು ನಿಲ್ಲಿಸಿ ಸುಮ್ಮನೆ ಮಲಗಿತು. 'ಇವತ್ತ ಕಮ್ಮಿ ಆಗ್ಯಾದ' ಎಂದು ನೆರೆಮನೆಗೆ ಹೇಳಿ ಅವಳು ಹಳ್ಳಕ್ಕೆ ಬಟ್ಟೆ ಒಗೆಯಲು ಹೋದಳು. ತಿರುಗಿ ಬರುವಷ್ಟರಲ್ಲಿ ಕೂಸು ತಣ್ಣಗಾಗಿತ್ತು. ಆಮೇಲೆ ಇಬ್ಬರು ಹುಟ್ಟಿ ಬೆಳೆದು ಶಾಲೆಗೆ ಹೋಗುವಂತಾದರೂ ಆ ಸುಮ್ಮನಿದ್ದ ಮಧ್ಯಾಹ್ನ ಅವಳನ್ನು ಬಿಟ್ಟಿರಲಿಲ್ಲ.

ಅದಕ್ಕೇ ಅವಳು ಹೇಳುವ ಮಾತುಗಳಲ್ಲೆಲ್ಲ ಒಂದು ಮಾತು ಮೇಲಿನದು. ಕೆಮ್ಮು ಹತ್ತಿದ ಕೂಸಿನ ಅಂಗಿ ಎತ್ತಿ ಎದೆ ನೋಡಿ. ಉಸಿರು ಎಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯದಿದ್ದರೆ, ಮಂಕಾಗಿ ಮಲಗಿಬಿಟ್ಟರೆ, ಆಗಿಂದಾಗಲೇ ದವಾಖಾನೆಗೆ ನಡೆಯಿರಿ. ಅಂಗನವಾಡಿಯಲ್ಲಿ ತಾಯಂದಿರನ್ನು ಕೂಡಿಸಿ ಚಿತ್ರ ತೋರಿಸಿದಳು. ಹೆಂಗಸರು ಚಿತ್ರ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು.

"ಚಿತ್ರದಾಗಿನ ಕೂಸು ಉಸರಾಡಂಗಿಲ್ಲಲ್ರಿ ಅಕ್ಕಾ," ಎಂದಳು ಮುಂದೆ ಕೂತಿದ್ದ ಭಾಗ್ಯಾ. "ಗುಳಿ ಹ್ಯಾಂಗ ಬೀಳ್ತದ, ನಮಗ ಹ್ಯಾಂಗ ತಿಳೀಬೇಕು?"

ಭಾಗ್ಯಾ ಕುರಿಗಾರ ಬೀರಣ್ಣನ ಹೆಂಡತಿ; ಮಡಿಲಲ್ಲಿ ನಾಲ್ಕು ತಿಂಗಳ ಗಂಡುಕೂಸು. ಕೇಳಿದ್ದು ಸರಿಯೇ ಇತ್ತು. ರಮಾಬಾಯಿ ಮನೆಗೆ ಹೋಗಿ ತನ್ನ ಹಳೆಯ ಸೀರೆ ಹರಿದು ಒಂದು ಗೊಂಬೆ ಹೊಲಿದಳು. ಒಡೆದ ಬುಟ್ಟಿಯ ಬಿದಿರು ಸೀಳುಗಳೇ ಪಕ್ಕೆಲುಬು. ಒಳಗೆ, ಧಮ್ಮಪಾಲನ ಹಳೆಯ ಗಾಡಿಯ ಪೋಂಪೋಂ ಹಾರ್ನಿನ ರಬ್ಬರ್ ಬುಡ್ಡಿ. ಬೆನ್ನ ಸೀಳಿನಿಂದ ಕೈ ಹಾಕಿ ಬುಡ್ಡಿ ಒತ್ತಿದರೆ ಪಕ್ಕೆಯ ಕೆಳಗಿನ ಬಟ್ಟೆ ಒಳಗೆ ಎಳೆದುಕೊಂಡು ಗುಳಿ ಬೀಳುತ್ತಿತ್ತು, ಜೊತೆಗೆ ಸುಯ್ ಎಂಬ ಸದ್ದು. ರಬ್ಬರು ಹಳೆಯದು, ಒಮ್ಮೆಲೇ ಉಬ್ಬುತ್ತಿರಲಿಲ್ಲ. ಕೈ ತೆಗೆದು ಗೊಂಬೆಯನ್ನು ಚಾಪೆಯ ಮೇಲೆ ಇಟ್ಟ ಮೇಲೂ ಅದು ನಿಧಾನಕ್ಕೆ, ತನ್ನಷ್ಟಕ್ಕೆ ತಾನು, ಒಂದು ಉಸಿರು ತೆಗೆದುಕೊಳ್ಳುತ್ತಿತ್ತು. ಮೊದಲ ದಿನ ಅದನ್ನು ಕಂಡ ಹೆಂಗಸರು ಕೂತಲ್ಲೇ ಹಿಂದಕ್ಕೆ ಸರಿದರು. ರಮಾಬಾಯಿಗೆ ಖುಷಿಯಾಯಿತು, ಇನ್ನು ಇವರು ಮರೆಯುವುದಿಲ್ಲ ಎಂದುಕೊಂಡಳು.

"ಕಣ್ಣ ಬರೆದಿಲ್ಲಲ್ಲ?" ಎಂದು ಯಾರೋ ಕೇಳಿದರು.

"ಕಣ್ಣ ಯಾಕ ಬೇಕು? ನೀವು ನೋಡೂದು ಎದಿ," ಎಂದಳು ರಮಾಬಾಯಿ. ಗೊಂಬೆಯನ್ನು ಅಂಗನವಾಡಿಯ ಟ್ರಂಕಿನಲ್ಲಿಟ್ಟು, ಕೀಲಿಯನ್ನು ಅಲ್ಲಿನ ಆಯಾ ಗೌರಾಬಾಯಿಯ ಕೈಗೆ ಕೊಟ್ಟಳು.

ಚಳಿಗಾಲ ಬಂತು. ಆ ವರ್ಷ ಥಂಡಿ ಜಾಸ್ತಿ. ಬೆಳಗಿನ ಮಂಜು ತೊಗರಿ ಹೊಲದಿಂದ ಎದ್ದು ಓಣಿಯೊಳಗೇ ಬಂದು ಕೂರುತ್ತಿತ್ತು. ಮಾಳಿಗೆಯ ಬೆಳಕಿಂಡಿಗೆ ಎಲ್ಲರೂ ಗೋಣಿಚೀಲ ತುರುಕಿದರು. ಒಲೆಗೆ ತೊಗರಿಕಟ್ಟಿಗೆ ಹಾಕಿದರೆ ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ಮನೆಯೊಳಗೇ ಸುತ್ತುತ್ತಿತ್ತು. ಇಂಥ ದಿನಗಳಲ್ಲಿ ಕೂಸುಗಳ ಕೆಮ್ಮು ಓಣಿಯ ತುಂಬ ಕೇಳಬೇಕು. ಆದರೆ ರಮಾಬಾಯಿ ಯಾವ ಮನೆಗೆ ಹೋಗಿ ಕೇಳಿದರೂ ಒಂದೇ ಉತ್ತರ. "ನಮ್ಮ ಕೂಸು ಛಲೋ ಅದರಿ. ಏನೂ ಇಲ್ರಿ." ಹೇಳುವಾಗ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಆರೋಗ್ಯ ಕೇಂದ್ರದ ಸಭೆಯಲ್ಲಿ, ಈ ಸಲ ನಿಮ್ಮ ಊರಿನಿಂದ ಒಂದೂ ನಿಮೋನಿಯಾ ಕೇಸು ಬಂದಿಲ್ಲ ಎಂದು ಡಾಕ್ಟರು ಅವಳನ್ನು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ರಮಾಬಾಯಿ ಆ ಚಪ್ಪಾಳೆಯನ್ನು ಮನೆಯತನಕ ಹೊತ್ತುಕೊಂಡು ಬಂದು ಗಂಡನಿಗೂ ಹೇಳಿದಳು.

ಮರುದಿನ ಮುಂಜಾನೆ ಅಂಗನವಾಡಿಗೆ ಹೋಗಿ ಗೌರಾಬಾಯಿಯ ಕೀಲಿಯಿಂದ ಟ್ರಂಕು ತೆಗೆದವಳು ಹಾಗೇ ನಿಂತಳು. ಗೊಂಬೆ ಅವಳನ್ನು ನೋಡುತ್ತಿತ್ತು.

ಯಾರೋ ಕಾಡಿಗೆಯಲ್ಲಿ ಎರಡು ಕಣ್ಣು ಬರೆದಿದ್ದರು. ದೊಡ್ಡ ಕಣ್ಣು, ರೆಪ್ಪೆಯಿಲ್ಲದ್ದು. ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ, ಮೈಗೆ ಹೊಸ ಕುಬಸದ ಬಟ್ಟೆ ಸುತ್ತಿತ್ತು. ಹೊಟ್ಟೆಯ ಮೇಲಿನ ಬಟ್ಟೆ ಜಿಡ್ಡು ಹತ್ತಿ ಕಪ್ಪಗಾಗಿತ್ತು. ಎಷ್ಟೋ ಕೈಗಳು ಮುಟ್ಟಿದ ಜಿಡ್ಡು. ಅವಳು ಎತ್ತಿಕೊಂಡಳು. ಯಾರೋ ಈಗಷ್ಟೇ ಒತ್ತಿ ಇಟ್ಟಿರಬೇಕು, ಅವಳ ಕೈಯಲ್ಲೇ ಅದು ಉದ್ದಕ್ಕೆ ಒಂದು ಉಸಿರು ಎಳೆದುಕೊಂಡಿತು. ನಗುವ ರಮಾಬಾಯಿಗೆ ಅಂದು ನಗು ಬರಲಿಲ್ಲ. ಗೌರಾಬಾಯಿಯನ್ನು ಕೇಳಿದರೆ, ಹುಡುಗರು ಆಡಿರಬೇಕೆಂದು ಹೇಳಿ ಕಸ ಗುಡಿಸುತ್ತ ಹೊರಗೆ ಹೋದಳು.

ರಮಾಬಾಯಿ ಅಂದು ಸಂಜೆ ಹೊತ್ತು ಮುಳುಗುವಾಗ ತಾನೇ ಅಂಗನವಾಡಿಗೆ ಬಂದಳು. ಒಳಗೆ ದೀಪವಿರಲಿಲ್ಲ, ಆದರೆ ಬಾಗಿಲು ತೆರೆದಿತ್ತು. ಗೋಡೆಯುದ್ದಕ್ಕೂ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಸಾಲಾಗಿ ನಿಂತಿದ್ದರು. ಅಷ್ಟು ಹೆಂಗಸರು ಕೂಡಿದ ಕಡೆ ಒಂದು ಪಿಟ್ಟೆನ್ನುವ ಮಾತಿರಲಿಲ್ಲ. ಮುಂದಿದ್ದವಳು ಕೂಸಿನ ಎದೆಯನ್ನು ಗೊಂಬೆಯ ಎದೆಗೆ ಒತ್ತಿ ಹಿಡಿದಳು. ಗೊಂಬೆಯಿಂದ ಸುಯ್ ಎಂದು ಸದ್ದು ಬಂತು. ಅವಳು ಕೂಸಿನ ಮುಖಕ್ಕೆ ಸೆರಗು ಹಾಕಿಕೊಂಡು, ಬಾಗಿಲಲ್ಲಿ ನಿಂತ ರಮಾಬಾಯಿಯನ್ನೂ ನೋಡದೆ, ಹಿಂದೆ ತಿರುಗದೆ ಸರಸರ ಹೊರಟುಹೋದಳು. ಅವಳ ಹಿಂದಿನವಳು ಮುಂದೆ ಬಂದಳು.

ರಮಾಬಾಯಿಗೆ ಎಲ್ಲವೂ ಒಂದೇ ಸಲ ತಿಳಿಯಿತು. ಆ ಕಡೆ ಊರಿಗೆ ಬೇನೆ ಬಂದರೆ ಮೊರದಲ್ಲಿ ಬಳೆ, ಕುಬಸ, ಕುಂಕುಮ ಇಟ್ಟು, ಬೇನೆಯನ್ನು ಅದರ ಮೇಲೆ ಹೊರಿಸಿ ಸೀಮೆಗೆ ಬಿಟ್ಟು ಬರುವ ರೂಢಿ ಉಂಟು. ಬಿಟ್ಟ ಮೇಲೆ ತಿರುಗಿ ನೋಡಬಾರದು. ನೋಡಿದರೆ ಬೇನೆ ಬೆನ್ನು ಹತ್ತಿ ಮನೆಗೆ ಬರುತ್ತದೆ. ಅವಳು ಗೊಂಬೆಯ ಎದೆಯಲ್ಲಿ ಬೇನೆ ತೋರಿಸಿದ್ದಳು. ಹೆಂಗಸರು ಅದನ್ನು ನಂಬಿದ್ದರು, ಅವಳು ಬೇಡಿದ್ದಕ್ಕಿಂತ ಹೆಚ್ಚಾಗಿ. ಬೇನೆ ಇರುವುದೇ ಗೊಂಬೆಯೊಳಗೆ ಎಂದಾದರೆ ಕೂಸಿನದನ್ನೂ ಅಲ್ಲೇ ಬಿಟ್ಟು ಬರಬಹುದಲ್ಲ. ಬಿಟ್ಟು ಬಂದವರು ಕೂಸಿನ ಎದೆಯನ್ನು ಮತ್ತೆ ನೋಡುತ್ತಿರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು ಅವಳ ಕೆಲಸ. ಅವಳ ಮನೆಯಲ್ಲಿ ಒಂದು ಗುಟುಕು ನೀರು ಮುಟ್ಟದವರೂ ಆ ಸಾಲಿನಲ್ಲಿದ್ದರು, ಅವಳ ಹಳೆಯ ಸೀರೆಯಲ್ಲಿ ಹೊಲಿದ ಗೊಂಬೆಯ ಕಾಲಿಗೆ ಹಣೆ ಹಚ್ಚಲು ಕಾಯುತ್ತ.

"ಯಾಕ ಸಿಟ್ಟಾಗ್ತೀರಿ ಬಾಯಿ," ಎಂದಳು ಗೌರಾಬಾಯಿ ಮೆಲ್ಲಗೆ. "ಗುಣಾ ಆಗಾಕತ್ತದ. ಬೀರಣ್ಣನ ಕೂಸು ಉಸರ ಸಿಗದೆ ಕೆಮ್ಮತಿತ್ತು. ಮೊನ್ನಿ ಭಾಗ್ಯಾ ತಂದು ಮುಟ್ಟಿಸಿದಳು. ಈಗ ಕೆಮ್ಮಿಲ್ಲ, ಅಳು ಇಲ್ಲ. ನಿನ್ನಿಯಿಂದ ಸುಮ್ಮ ಮಲಗೇ ಅದ."

ಸುಮ್ಮನೆ ಮಲಗಿದೆ ಎಂಬ ಮಾತು ಕೇಳಿದ್ದೇ ರಮಾಬಾಯಿ ಭಾಗ್ಯಾಳ ಮನೆಯ ಕಡೆ ಓಡಿದಳು.

ಬೀರಣ್ಣ ಕುರಿ ಹೊಡೆದುಕೊಂಡು ಅಫಜಲಪುರದ ಕಡೆ ಹೋಗಿ ತಿಂಗಳಾಗಿತ್ತು. ಮನೆಯಲ್ಲಿ ಭಾಗ್ಯಾ ಮತ್ತು ಅತ್ತೆ ಕಾಶಿಬಾಯಿ. ಬಾಗಿಲು ನೂಕಿದರೆ ಲೋಬಾನದ ಹೊಗೆ ಎದೆಗೇ ಬಂದು ಬಡಿಯಿತು. ಹೊಗೆಯ ನಡುವೆ ತೊಟ್ಟಿಲು, ಅದರ ಮೇಲೆ ಕಂಬಳಿ ಹೊದಿಸಿತ್ತು. ಭಾಗ್ಯಾ ತೊಟ್ಟಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ತನ್ನ ಕೂಸಿಗೆ ಬೆನ್ನು ಕೊಟ್ಟು ಕೂತ ತಾಯಿಯನ್ನು ರಮಾಬಾಯಿ ಅಲ್ಲಿಯವರೆಗೆ ಕಂಡಿರಲಿಲ್ಲ.

"ಕಂಬಳಿ ತಗೀ ಭಾಗ್ಯಾ."

"ತಗಿಬ್ಯಾಡ್ರಿ ಅಕ್ಕಾ. ಬ್ಯಾನಿ ಹೋಗ್ಯಾದ. ನೋಡಿದ್ರ ಹೊಳ್ಳಿ ಬರ್ತದ."

"ಹಾಲು ಕುಡದಾನೇನು?"

ಭಾಗ್ಯಾಳ ಕುಬಸ ಹಾಲಿನಿಂದ ತೊಯ್ದು ಅಂಟಿಕೊಂಡಿತ್ತು. ರಮಾಬಾಯಿ ಕಂಬಳಿಯ ಅಂಚು ಎತ್ತಿ ಕೈ ತೂರಿಸಿದಳು. ಕೂಸಿನ ಮೂಗಿನ ಹೊಳ್ಳೆ ಅವಳ ಬೆರಳಿಗೆ ಪಟಪಟ ಬಡಿಯುತ್ತಿತ್ತು. ಬದುಕಿತ್ತು. ಅಷ್ಟರಲ್ಲಿ ಕಾಶಿಬಾಯಿ ಅವಳ ಮುಂಗೈ ಹಿಡಿದಳು.

"ಕೈ ತಗೀ. ಹೊಳ್ಳಿ ಅಂಟಿಸಬ್ಯಾಡ."

"ಆಯಿ, ಕೂಸಿಗೆ ಭಾಳ ತ್ರಾಸ ಅದ್ರಿ. ಆಳಂದಕ್ಕ ಒಯ್ಯೋಣು. ನನ್ನ ಮಾತ ಕೇಳ್ರಿ."

"ನಿನ್ನ ಮಾತೇ ಕೇಳೇವಿ," ಎಂದಳು ಕಾಶಿಬಾಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಸುವಂತಿತ್ತು. "ಊರಿಗೆಲ್ಲ ಗೊತ್ತದ ರಮಾಬಾಯಿ, ಆ ಗೊಂಬ್ಯಾಗ ಯಾರ ಅದಾರ ಅಂತ. ನಿನ್ನ ಮಗ ಉಸರಿಲ್ಲದ ಹೋದ. ಅವಗ ಉಸರು ಬೇಕು. ನಮ್ಮ ಕೂಸುಗಳ ಕೆಟ್ಟ ಉಸರು ತಾ ತಗೊಂತಾನ. ತಾಯಿ ನೀನೇ ಹೊಲಿದ ಮನಿ ಅದು ಅವಂದು. ಯಾಕ ಮುಚ್ಚಿಡ್ತಿ?"

ಇಂಥ ಮಾತು ಬೇರೆ ಯಾರ ಬಗ್ಗೆ ಆಡಿದ್ದರೂ ರಮಾಬಾಯಿ ನಗುತ್ತಿದ್ದಳು. ಈಗ ತಾನು ಹೊಲಿಗೆ ಹಾಕುತ್ತ ಕೂತ ಸಂಜೆಗಳು ನೆನಪಾದವು; ಗೊಂಬೆಯ ಉದ್ದ ಅಗಲಕ್ಕೆ ಯಾವ ಕೂಸನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಟ್ಟೆ ಹರಿದೆ ಎಂಬುದನ್ನು ಅವಳು ತನಗೆ ತಾನೂ ಹೇಳಿಕೊಂಡಿರಲಿಲ್ಲ. ಗೋಗರೆದಳು, ಬೈದಳು, ಧಮ್ಮಪಾಲನಿಗೆ ಫೋನು ಮಾಡಿ ಟಂಟಂ ತರಲು ಹೇಳಿದಳು. ಕಾಶಿಬಾಯಿ ತೊಟ್ಟಿಲನ್ನು ಎರಡೂ ಕೈಯಲ್ಲಿ ತಬ್ಬಿ ಕೂತಳು. ಕಸಿದುಕೊಂಡು ಹೋದರೆ ಊರೇ ಅಡ್ಡ ನಿಲ್ಲುವುದು ರಮಾಬಾಯಿಗೆ ಗೊತ್ತಿತ್ತು.

ಅವಳು ಹೊರಗೆ ಬಿದ್ದು ಅಂಗನವಾಡಿಗೆ ಹೋದಳು. ಸಾಲನ್ನು ಸೀಳಿಕೊಂಡು ನಡೆದು ಗೊಂಬೆಯನ್ನು ಕಂಕುಳಲ್ಲಿ ಹಾಕಿಕೊಂಡು ಬಂದಳು. ಹೆಂಗಸರು ಕೂಸುಗಳ ಸಮೇತ ಅವಳ ಹಿಂದೆ ನಡೆದರು. ಮಬ್ಬಿನಲ್ಲಿ, ಮಂಜಿನಲ್ಲಿ ಬರಿಗಾಲಿನ ಸಪ್ಪಳವೊಂದೇ ಕೇಳುತ್ತಿತ್ತು. ಕಂಕುಳಲ್ಲಿ ಒತ್ತಿದಾಗೊಮ್ಮೆ ಗೊಂಬೆ ಸುಯ್ ಎನ್ನುತ್ತಿತ್ತು. ಎತ್ತಿಕೊಂಡ ಕೂಸಿನ ಹಾಗೆಯೇ ಅದು ಅವಳ ಪಕ್ಕೆಗೆ ಒರಗಿತ್ತು.

ಬೀರಣ್ಣನ ಅಂಗಳದಲ್ಲಿ ಬಲ್ಬಿನ ಬೆಳಕಿತ್ತು. ಮೇವಿನ ಬಣವೆಗೆ ಸಿಕ್ಕಿಸಿದ್ದ ಕುಡಗೋಲು ಹಿರಿದು, ಗೊಂಬೆಯನ್ನು ಕಟ್ಟೆಯ ಮೇಲೆ ಮಲಗಿಸಿದಳು. ಕಾಡಿಗೆಯ ಕಣ್ಣುಗಳು ಅವಳನ್ನೇ ನೋಡಿದವು. ಕೈ ಏಳಲಿಲ್ಲ. ಇದು ಬಟ್ಟೆ, ಇದು ಬಿದಿರು, ಇದು ಹಾರ್ನಿನ ಬುಡ್ಡಿ ಎಂದು ಮನಸ್ಸಿನೊಳಗೆ ಹೇಳಿಕೊಂಡಳು. ಆಗಲೇ ಗೊಂಬೆ ತನ್ನಷ್ಟಕ್ಕೆ ಉಸಿರು ಎಳೆಯತೊಡಗಿತು, ಸಣ್ಣಗೆ, ಬಹಳ ಹೊತ್ತು. ಅದು ಮುಗಿಯುವತನಕ ಅವಳು ಕಾದಳು. ಯಾಕೆ ಕಾದಳೋ ಅವಳಿಗೂ ತಿಳಿಯದು. ಆಮೇಲೆ ಹೊಟ್ಟೆಯ ಹೊಲಿಗೆಗೆ ಕುಡಗೋಲು ಹಾಕಿ ಎಳೆದಳು.

ಬಿದಿರು ಸೀಳುಗಳು ಪಟಪಟ ಮುರಿದವು. ರಬ್ಬರ್ ಬುಡ್ಡಿ ಹೊರಗೆ ಬಂತು. ಒಬ್ಬ ತಾಯಿ ತನ್ನ ಕೂಸಿನ ಕಿವಿ ಮುಚ್ಚಿದಳು. ರಮಾಬಾಯಿ ಬುಡ್ಡಿಯನ್ನು ಎತ್ತಿ ಹಿಡಿದು, "ನೋಡ್ರಿ, ಟಂಟಂ ಹಾರ್ನು. ಇದರಾಗ ಯಾರೂ ಇಲ್ಲ. ಯಾರ ಬ್ಯಾನಿನೂ ಇದು ತಗೊಂಡಿಲ್ಲ," ಎಂದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅತ್ತದ್ದು ಯಾರಿಗಾಗಿ ಎಂದು ಅಲ್ಲಿದ್ದವರೆಲ್ಲರಿಗೂ ಗೊತ್ತಾಯಿತು.

ಬುದ್ಧಿ ಹೇಳಿದ ಕೂಡಲೇ ಬುದ್ಧಿ ಬರುವುದಾದರೆ ಊರಿಗೊಬ್ಬ ಮಾಸ್ತರ ಸಾಕಾಗಿತ್ತು. ಹೆಂಗಸರು ಬುಡ್ಡಿಯನ್ನು ನೋಡಲೇ ಇಲ್ಲ. ಅವರು ನೋಡಿದ್ದು ಸೀಳಿದ ಹೊಟ್ಟೆಯನ್ನು. ಭಾಗ್ಯಾ ಹೊಸ್ತಿಲಲ್ಲಿ ನಿಂತಿದ್ದಳು.

"ಅಕ್ಕಾ, ನೀವು ಅದರ ಹೊಟ್ಟಿ ಒಡದ್ರಿ," ಎಂದಳು ಸಣ್ಣ ದನಿಯಲ್ಲಿ. "ಅದರಾಗ ಇಟ್ಟಿದ್ದು ಈಗ ಎಲ್ಲಿ ಹೋತು?"

ಭಾಗ್ಯಾಳ ಮುಖದಲ್ಲಿ ಅದರ ಉತ್ತರ ತಾನಾಗಿ ಮೂಡಿತು. ಅವಳು ಒಳಗೆ ಓಡಿದಳು. ಅತ್ತೆಯ ಕೈ ಬಿಡಿಸಿ, ಕಂಬಳಿ ಕಿತ್ತು, ಕೂಸನ್ನು ಬೆಳಕಿಗೆ ತಂದು ಅಂಗಿ ಎತ್ತಿದಳು. ಸಣ್ಣ ಎದೆ. ಒಂದೊಂದು ಉಸಿರಿಗೂ ಪಕ್ಕೆಯ ಕೆಳಗೆ ಗುಳಿ, ಅಂಗನವಾಡಿಯ ಚಾಪೆಯ ಮೇಲೆ ಕೂತು ಕಲಿತ ಅದೇ ಗುಳಿ.

"ಎಳೀತದ್ರಿ. ಹಂಗೇ ಎಳೀತದ. ನಡೀರಿ ಅಕ್ಕಾ, ಜಲ್ದಿ ನಡೀರಿ."

ಕಾಶಿಬಾಯಿ ತಡೆಯಲಿಲ್ಲ. ಬೇನೆ ತಿರುಗಿ ಬಂದದ್ದು ಅವಳಿಗೂ ಕಂಡಿತ್ತು. ಅಂಗಳದ ತುಂಬ ಹೆಂಗಸರು ಬಲ್ಬಿನ ಕೆಳಗೆ ನುಗ್ಗಿ ತಮ್ಮ ತಮ್ಮ ಕೂಸುಗಳ ಅಂಗಿ ಎತ್ತಿ ಎದೆ ನೋಡತೊಡಗಿದರು. ರಮಾಬಾಯಿ ಇಷ್ಟು ವರ್ಷ ಹೇಳಿ ಹೇಳಿ ಮಾಡಿಸಲಾಗದ್ದನ್ನು ಅವರು ಅಂದು ಹೆದರಿ ಮಾಡಿದರು. ಧಮ್ಮಪಾಲನ ಟಂಟಂನಲ್ಲಿ ಭಾಗ್ಯಾಳ ಜೊತೆ ಇನ್ನೊಬ್ಬ ತಾಯಿಯೂ ಕೂಸಿನೊಂದಿಗೆ ಹತ್ತಿ ಕೂತಳು. ಆಳಂದದ ದಾರಿಯುದ್ದಕ್ಕೂ ರಮಾಬಾಯಿ ಭಾಗ್ಯಾಳ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದೇ ಇದ್ದಳು. ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದರು, ಸೂಜಿ ಮಾಡಿದರು. ಮೂರನೆಯ ದಿನ ಭಾಗ್ಯಾಳ ಕೂಸು ಅತ್ತಿತು. ಆ ಅಳು ಕೇಳಿ ಭಾಗ್ಯಾ, ರಮಾಬಾಯಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು.

ಊರು ಮಾತ್ರ ರಮಾಬಾಯಿಯನ್ನು ಕ್ಷಮಿಸಲಿಲ್ಲ. ಹೊಟ್ಟೆ ಸೀಳಿದಾಕೆ ಎಂದು ಬೆನ್ನ ಹಿಂದೆ ಹೆಸರಿಟ್ಟರು. ಅವಳು ಬಂದರೆ ಬಾಗಿಲು ಅರ್ಧ ತೆರೆಯುವರು, ಆದರೆ ಅರ್ಧ ಬಾಗಿಲಲ್ಲೇ ಕೂಸಿನ ಅಂಗಿ ಎತ್ತಿ ತೋರಿಸಿ, "ಬಿದ್ದಿಲ್ಲಲ್ರಿ ಗುಳಿ?" ಎಂದು ಕೇಳುವರು. ಗೊಂಬೆಯ ಚೂರುಗಳು ಆ ಕಟ್ಟೆಯ ಮೇಲಿಂದ ಅಂದೇ ಕಾಣೆಯಾಗಿದ್ದವು. ಯಾರು ಒಯ್ದರೋ, ಎಲ್ಲಿ ಬಿಟ್ಟರೋ, ಯಾರೂ ಬಾಯಿ ಬಿಡಲಿಲ್ಲ, ರಮಾಬಾಯಿ ಕೇಳಲೂ ಇಲ್ಲ.

ಮುಂದಿನ ತಿಂಗಳು ತಾಯಂದಿರ ಸಭೆಗೆ ಯಾರೂ ಬರಲಿಕ್ಕಿಲ್ಲ ಎಂದುಕೊಂಡಿದ್ದಳು. ಎಲ್ಲರೂ ಬಂದರು. ಗೊಂಬೆ ಇಲ್ಲದೆ ಏನು ತೋರಿಸಲಿ ಎಂದು ಅವಳು ತಡವರಿಸುವಾಗ ಭಾಗ್ಯಾ ಎದ್ದು ಮುಂದೆ ಬಂದು ಕೂತಳು. ಮೈತುಂಬಿಕೊಂಡ ಮಗನನ್ನು ಚಾಪೆಯ ಮೇಲೆ ಮಲಗಿಸಿ, ಅಂಗಿ ಬಿಚ್ಚಿ, ಪಕ್ಕೆಯ ಕೆಳಗೆ ಬೆರಳಿಟ್ಟಳು. "ಇಲ್ಲಿ ನೋಡ್ರಿ. ಇಲ್ಲಿ ಎಳೀತಿತ್ತು. ಹೊಗಿ ಹಾಕಿದಷ್ಟೂ ಹೆಚ್ಚಾಗ್ತಿತ್ತು. ನಾ ಬೆನ್ನ ತಿರುಗಿಸಿ ಕೂತಿದ್ದೆ." ಕೂಸು ಕಾಲು ಆಡಿಸಿ ನಕ್ಕಿತು. ಹೆಂಗಸರು ಬಾಗಿ ನೋಡಿದರು. ಸತ್ತು ಬದುಕಿದ ಕೂಸು ಅದು, ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಆಗ ಮೂಲೆಯಿಂದ ಒಬ್ಬ ಹುಡುಗಿಯಂಥ ತಾಯಿ ಎದ್ದಳು. ಯಡ್ರಾಮಿಯಿಂದ ಈ ಊರಿಗೆ ಹೊಸದಾಗಿ ಬಂದ ಸೊಸೆ. ಅವಳ ಹೆಗಲ ಮೇಲಿನ ಕೂಸು ಗೊರಗೊರ ಎನ್ನುತ್ತಿತ್ತು. ಅವಳು ಯಾರನ್ನೂ ನೋಡದೆ ಮುಂದೆ ಬಂದಳು, ಮೊಣಕಾಲೂರಿದಳು, ಒಂದು ಚಿಟಿಕೆ ಕುಂಕುಮವನ್ನು ಭಾಗ್ಯಾಳ ಮಗನ ಹಣೆಗೆ ಹಚ್ಚಿದಳು. ಮತ್ತೆ ತನ್ನ ಕೂಸಿನ ಎದೆಯನ್ನು ಅವನ ಎದೆಯ ಕಡೆಗೆ ಮೆಲ್ಲಗೆ ಇಳಿಸತೊಡಗಿದಳು. ಹಿಂದೆ ಇನ್ನಿಬ್ಬರು ಕೂಸು ಎತ್ತಿಕೊಂಡು ಎದ್ದು ನಿಂತದ್ದನ್ನು ರಮಾಬಾಯಿ ಕಂಡಳು.

ಭಾಗ್ಯಾ ಎರಡು ಎದೆಗಳ ನಡುವೆ ತನ್ನ ಅಂಗೈ ಇಟ್ಟಳು.

"ಮುಟ್ಟಿಸಬ್ಯಾಡ," ಎಂದಳು. "ನಾನೂ ಹಿಂಗ ಒಂದು ಎದಿ ಮ್ಯಾಲ ಇಟ್ಟು ಬಂದಿದ್ದೆ. ಅದೂ ಯಾರದೋ ಕೂಸಿನ ಎದಿ ಅಂತ ಆಗ ತಿಳೀಲಿಲ್ಲ ಬೇ." ಹೇಳುವಾಗ ಅವಳು ರಮಾಬಾಯಿಯ ಮುಖ ನೋಡಲಾರದೆ ತಲೆ ತಗ್ಗಿಸಿದಳು. ಮಗನ ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಆ ಹುಡುಗಿಯ ಕೂಸನ್ನು ತಾನೇ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು.

"ಅಂಗಿ ಎತ್ತು," ಎಂದಳು. "ನೀನೇ ಎತ್ತಬೇಕು. ನೋಡು."